ಕಾಣದ ಮುಂಡಗಳ ಭಯ
2010ರಲ್ಲಿ ಅಣ್ಣಿಗೇರಿಯ ಗಟಾರವೊಂದನ್ನು ಅಗೆದಾಗ ಸಾಲಾಗಿ ಜೋಡಿಸಿಟ್ಟ ತಲೆಬುರುಡೆಗಳು ಕಂಡವು. ಒಂದೆರಡಲ್ಲ, ನೂರಾರು. ನೋಡಿದವರಿಗೆ ಕಂಡದ್ದಕ್ಕಿಂತ ಕಾಣದ್ದೇ ಹೆಚ್ಚು ಕಾಡುವಂಥದ್ದು: ಮುಂಡಗಳೆಲ್ಲಿ?

ಹೆದರಿಸುವ ಪುಸ್ತಕದ ಕಸುಬೂ ಹೀಗೆಯೇ, ಅರ್ಧ ತೋರಿಸಿ ಉಳಿದದ್ದನ್ನು ಓದುಗನ ತಲೆಗೆ ಬಿಡುವುದು. 1209ರಲ್ಲಿ ಜನ್ನ ಬರೆದ ‘ಯಶೋಧರ ಚರಿತೆ’ಯ ಮಾರಿಗುಡಿಯನ್ನೇ ನೋಡಿ. ಬಲಿಗೆ ಹಿಡಿದು ತಂದವರು ಅಭಯರುಚಿ, ಅಭಯಮತಿ ಎಂಬ ಎಳೆಯ ಅಣ್ಣ ತಂಗಿ. ಆದರೆ ಕತ್ತಿಗಿಂತ ಮೊದಲು ಬೆಚ್ಚಿಬೀಳಿಸುವುದು ಅಲ್ಲಿನ ವಸಂತ. ಕವಿ ಅದನ್ನೂ ಮಾರಿಯ ಹರಕೆಗೆ ಆಳಾಗಿ ನಿಲ್ಲಿಸಿಬಿಟ್ಟಿದ್ದಾನೆ. ಚಿಗುರು, ಹೂವುಗಳೇ ಭಯ ಹುಟ್ಟಿಸುತ್ತವೆ! ಊರ ದ್ಯಾಮವ್ವನ ಜಾತ್ರೆ ಕಂಡು ಬೆಳೆದ ಕುಂದಗೋಳ, ನವಲಗುಂದದ ಓದುಗನಿಗೆ ಆ ಗುಡಿ ದೂರದ್ದೆನಿಸದು.

ಹಾಗಾದರೆ ಹೆದರಿಸುವುದರಲ್ಲಿ ಪುಸ್ತಕದೆದುರು ಸಿನಿಮಾ ಸೋತಿತೆ? ಹಾಗೇನಿಲ್ಲ. 1979ರ ‘ನಾ ನಿನ್ನ ಬಿಡಲಾರೆ’ಯಲ್ಲಿ ಅನಂತನಾಗ್ ಮುಖ ನೋಡಿ ಬೆವರಿದವರುಂಟು. ಸದ್ದು, ಕತ್ತಲೆ, ಪಕ್ಕದವನ ಚೀರಾಟ, ಎಲ್ಲ ಸೇರಿ ಕೆಲಸ ಮಾಡುತ್ತವೆ.

ಯಂಡಮೂರಿಯವರ ‘ತುಳಸಿದಳ’ ಕಾದಂಬರಿಯ ಲೆಕ್ಕವೇ ಬೇರೆ. 1985ರಲ್ಲಿ ಅದು ಕನ್ನಡದ ತೆರೆಗೂ ಬಂತು. ತೆರೆಯ ಮೇಲೆ ಪುಟ್ಟ ತುಳಸಿಗೆ ಒಂದೇ ಮುಖ. ಪುಸ್ತಕದಲ್ಲಿ ಮಾತ್ರ ಅವಳು ಓದುವವರ ಮನೆಯದೇ ಹುಡುಗಿ. ಕಲಘಟಗಿಯ ಮಳೆಗಾಲದ ರಾತ್ರಿ, ಕರೆಂಟು ಹೋದಾಗ ಕಂದೀಲಿನಲ್ಲಿ ಓದುವಾಗಲಂತೂ ಪಕ್ಕದಲ್ಲೇ ಮಲಗಿರುವ ಹುಡುಗಿ.