ಕೊಲೆಗಡುಕರ ಕೊಲ್ಲಿ: ಟಾಸ್ಮನ್ನನ ದಿನಚರಿಯ ಎರಡು ದಿನಗಳು

ಸಮುದ್ರಯಾನದ ದಿನಚರಿಗಳನ್ನು ಚರಿತ್ರಕಾರರು ಸಾಕ್ಷ್ಯವೆಂದು ಓದುತ್ತಾರೆ. ಗದ್ಯಕೃತಿಗಳೆಂದು ಓದುವವರು ವಿರಳ. ಡಚ್ಚರ ನಾವಿಕನಾದ ಏಬೆಲ್ ಟಾಸ್ಮನ್ನನ ದಿನಚರಿಯಾದರೋ ಈ ಎರಡು ಬಗೆಯ ಓದನ್ನೂ ಬೇಡುವಂಥದು. ಅದರಲ್ಲಿಯೂ ೧೬೪೨ನೆಯ ಡಿಸೆಂಬರ್ ೧೮, ೧೯ನೆಯ ದಿನಗಳ ಬರವಣಿಗೆ ಸೂಕ್ಷ್ಮವಾದ ಪರಾಮರ್ಶೆಗೆ ಅರ್ಹವಾಗಿದೆ.

ಡಚ್ ಈಸ್ಟ್ ಇಂಡಿಯಾ ಕಂಪೆನಿಯು ದಕ್ಷಿಣಖಂಡದ ಶೋಧನೆಗೆಂದು ಕಳುಹಿಸಿದ ಹೀಮ್ಸ್‌ಕೆರ್ಕ್, ಜೇಹಾನ್ ಎಂಬ ಎರಡು ನೌಕೆಗಳು ೧೬೪೨ನೆಯ ಆಗಸ್ಟ್ ೧೪ರಂದು ಬಟೇವಿಯದಿಂದ ಹೊರಟು, ಡಿಸೆಂಬರ್ ೧೩ರಂದು ನ್ಯೂಜಿಲೆಂಡಿನ ಪಶ್ಚಿಮ ತೀರವನ್ನು ಕಂಡುವು. ೧೮ರ ಸಂಜೆ ಲಂಗರು ಬಿದ್ದಿತು. ಕತ್ತಲಾಗುವ ಹೊತ್ತಿಗೆ ದೋಣಿಗಳಲ್ಲಿ ಬಂದ ಮಾವೋರಿ ಜನರು ಕೂಗಿ ಕರೆದು ವಾದ್ಯವೊಂದನ್ನು ಊದಿದರು. ಡಚ್ಚರು ತಮ್ಮ ಕಹಳೆಯನ್ನೂದಿ ಉತ್ತರಕೊಟ್ಟರು. ಮರುದಿನ ಹಡಗುಗಳ ನಡುವೆ ಹೋಗುತ್ತಿದ್ದ ಜೇಹಾನಿನ ಕಿರುದೋಣಿಗೆ ಮಾವೋರಿ ದೋಣಿಯೊಂದು ರಭಸದಿಂದ ಬಂದು ಬಡಿಯಿತು. ನಾಲ್ವರು ನಾವಿಕರು ಮಡಿದರು. ಟಾಸ್ಮನ್ನನು ದಡಕ್ಕೆ ಕಾಲಿಡದೆಯೇ ಲಂಗರೆತ್ತಿದನು. ಒಂದು ದಿನವೂ ತುಂಬದ ತಂಗುವಿಕೆ ಅದು.

ಈ ಬರವಣಿಗೆಯ ಮೊದಲ ಗುಣ ನಿರಾಡಂಬರತೆ. ಕಂಡದ್ದನ್ನು ಕಂಡಂತೆ ಹೇಳಬೇಕೆಂಬ ಶ್ರದ್ಧೆ ವಾಕ್ಯವಾಕ್ಯದಲ್ಲಿಯೂ ಇದೆ. ಕಾಣದುದನ್ನು ಹೇಳಲು ಬರಹಗಾರನು ಕಂಡುದನ್ನೇ ಆಶ್ರಯಿಸುತ್ತಾನೆ: ಆ ಜನರ ಜುಟ್ಟು ಜಪಾನೀಯರದನ್ನು ಹೋಲುತ್ತದೆ, ವಾದ್ಯದ ಧ್ವನಿ ಮೂರರ ಕಹಳೆಯನ್ನು ಹೋಲುತ್ತದೆ. ಹಡಗಿನಲ್ಲಿ ಬಟೇವಿಯದ ಅಧಿಕಾರಿಗಳು ಕೊಟ್ಟಿದ್ದ ಪದಪಟ್ಟಿಯೊಂದಿತ್ತು. ಈ ಜನರ ಮಾತು ಅದಕ್ಕೆ ಹೊಂದಲಿಲ್ಲವೆಂಬುದನ್ನೂ ದಿನಚರಿ ಮುಚ್ಚಿಡದು.

ಆದರೆ ಕೊಲೆ ನಡೆದ ಬಳಿಕ ಶೈಲಿಯೇ ಬದಲಾಗುತ್ತದೆ. ವರದಿ ತೀರ್ಪಾಗುತ್ತದೆ. ಈ ದೇಶದ ನಿವಾಸಿಗಳನ್ನು ಶತ್ರುಗಳೆಂದೇ ಎಣಿಸತಕ್ಕದ್ದೆಂದು ನೌಕಾಧಿಕಾರಿಗಳ ಸಭೆ ನಿರ್ಣಯಿಸುತ್ತದೆ. ಸ್ಥಳಕ್ಕೆ ಕೊಲೆಗಡುಕರ ಕೊಲ್ಲಿ ಎಂದು ಹೆಸರಾಗುತ್ತದೆ. ಹಿಂದಿನ ಸಂಜೆ ಮಾತು ತಿಳಿಯಲಿಲ್ಲವೆಂದು ಒಪ್ಪಿದ ಲೇಖನಿಯೇ ಮರುದಿನ ಮನಸ್ಸು ತಿಳಿಯಿತೆಂದು ಬರೆಯುತ್ತದೆ. ಕೃತಿಯ ದೋಷವಿರುವುದು ಇಲ್ಲಿಯೇ.

ಈ ದೋಷವನ್ನು ತಿದ್ದುವ ಸಾಮಗ್ರಿಯೂ ಅದೇ ಪುಟಗಳಲ್ಲಿದೆಯೆಂಬುದು ಗಮನಾರ್ಹ. ಆ ಸಂಜೆಯ ವಾದ್ಯಧ್ವನಿ ಸ್ವಾಗತವಲ್ಲ, ಯುದ್ಧಾಹ್ವಾನವಾಗಿದ್ದಿರಬಹುದೆಂದು ಈಚಿನ ವಿದ್ವಾಂಸರು ಊಹಿಸುತ್ತಾರೆ. ಹಾಗಾದರೆ ಡಚ್ಚರ ಕಹಳೆ ಸೌಜನ್ಯವಾಗದೆ ಆಹ್ವಾನಕ್ಕೆ ಒಪ್ಪಿಗೆಯಾಯಿತು. ಹೊರಡುವಾಗ ಬೆನ್ನಟ್ಟಿ ಬಂದ ದೋಣಿಗಳಲ್ಲಿ ದೊಡ್ಡದೊಂದರೊಳಗೆ ಚಿಕ್ಕ ಬಿಳಿಯ ಬಾವುಟ ಹಿಡಿದು ನಿಂತಿದ್ದವನು ಡಚ್ಚರ ಗುಂಡಿಗೆ ಬಿದ್ದುದನ್ನೂ ದಿನಚರಿ ದಾಖಲಿಸುತ್ತದೆ. ಆ ಬಾವುಟದ ಅರ್ಥವನ್ನು ಮಾತ್ರ ಕೇಳುವುದಿಲ್ಲ. ತನ್ನ ತೀರ್ಪನ್ನೇ ಸಂಶಯಕ್ಕೀಡುಮಾಡುವ ವಿವರಗಳನ್ನು ಅಳಿಸದೆ ಉಳಿಸಿದುದು ಈ ಗದ್ಯದ ಪ್ರಾಮಾಣಿಕತೆ.

ಐಸಾಕ್ ಗಿಲ್ಸೆಮನ್ಸನದೆಂದು ಹೇಳಲಾಗುವ ಚಿತ್ರ ಇಷ್ಟು ಉದಾರವಾದುದಲ್ಲ. ನೌಕೆಗಳು, ಜೋಡಿದೋಣಿ, ಕಿರುದೋಣಿಯ ಮೇಲಣ ದಾಳಿ ಎಲ್ಲವೂ ಅಲ್ಲಿ ಒಂದೇ ನೋಟದಲ್ಲಿ ಸೇರಿವೆ. ಚಿತ್ರಕ್ಕೆ ಧ್ವನಿಯಿಲ್ಲ, ಆದ್ದರಿಂದ ಸಂಜೆಯ ಕಹಳೆಗೆ ಅದರಲ್ಲಿ ಸ್ಥಳವಿಲ್ಲ. ಕಾರಣ ಮರೆಯಾಗಿ ಕಾರ್ಯವೊಂದೇ ಕಣ್ಣಿಗೆ ಬೀಳುತ್ತದೆ.

ಆ ತೀರದಲ್ಲಿದ್ದವರು ನ್ಗಾತಿ ತೂಮತಕೋಕಿರಿ ಕುಲದವರು. ಹತ್ತೊಂಬತ್ತನೆಯ ಶತಮಾನದ ಆದಿಭಾಗದೊಳಗೆ ಅನ್ಯ ಕುಲಗಳ ಆಕ್ರಮಣದಿಂದ ಅವರ ಪ್ರಾಬಲ್ಯ ಕುಂದಿತು. ಅವರ ಪಕ್ಷದ ಲಿಖಿತ ವೃತ್ತಾಂತವಿಲ್ಲ. ಹೀಗೆ ಉಳಿದುದು ಪ್ರತಿವಾದಿಯ ಕೈಫಿಯತ್ತಿಲ್ಲದ ದಾವೆ. ೧೮೫೦ರ ದಶಕದಲ್ಲಿ ಚಿನ್ನ ದೊರೆತ ಮೇಲೆ ಆ ಕೊಲ್ಲಿಗೆ ಗೋಲ್ಡನ್ ಬೇ ಎಂಬ ಹೆಸರು ಬಂದಿತು. ಮೊಹುವ ಎಂಬ ಮಾವೋರಿ ಹೆಸರೂ ಇಂದು ಅದರೊಡನೆ ಸೇರಿದೆ. ನಕ್ಷೆಯ ಮೇಲಿನ ಹೆಸರನ್ನು ತಿದ್ದುವುದು ಸುಲಭ. ಗ್ರಂಥದೊಳಗಿನ ತೀರ್ಪನ್ನು ತಿದ್ದಲು ಓದುಗನೇ ಬೇಕು. ಕಂಡುದನ್ನೂ ಭಾವಿಸಿಕೊಂಡುದನ್ನೂ ಬೇರೆಬೇರೆಯಾಗಿ ತೂಗಿ ನೋಡುವವನಿಗೆ ಟಾಸ್ಮನ್ನನ ದಿನಚರಿ ವಾದಿಯ ಬಾಯಿಂದಲೇ ಪ್ರತಿವಾದಿಯ ಪಕ್ಷವನ್ನೂ ನುಡಿಯುತ್ತದೆ.