ಹೊದಿಕೆಯ ಸಾಮ್ಯ ಮತ್ತು ಕೊಳ್ಳುವವನ ಸ್ಮೃತಿ

ಪಾರ್ಲೆ ಪ್ರಾಡಕ್ಟ್ಸ್ ಸಂಸ್ಥೆಗೂ ಮೈಸೂರಿನ ಜೆ. ಪಿ. ಅಂಡ್ ಕಂಪನಿಗೂ ನಡೆದ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯವು 1972ರಲ್ಲಿ ಇತ್ತ ತೀರ್ಪು ಇಂದಿಗೂ ಪದೇ ಪದೇ ಉದ್ಧೃತವಾಗುತ್ತಿದೆ. ವಿವಾದವಿದ್ದುದು ಬಿಸ್ಕತ್ತಿನ ಪೊಟ್ಟಣದ ಹೊದಿಕೆಯನ್ನು ಕುರಿತು. ವಾದಿಯ ಹೊದಿಕೆಯಲ್ಲಿ ನೀರಿನ ಪಾತ್ರೆ ಹಿಡಿದ ಹುಡುಗಿ, ಸುತ್ತಲೂ ಹಸು ಕೋಳಿಗಳು. ಪ್ರತಿವಾದಿಯದರಲ್ಲಿ ಹುಲ್ಲುಹೊರೆ ಹೊತ್ತು ಕುಡುಗೋಲು ಹಿಡಿದ ಹುಡುಗಿ, ಅಲ್ಲಿಯೂ ಹಸು ಕೋಳಿಗಳು.

ವಿಚಾರಣಾ ನ್ಯಾಯಾಲಯವೂ ಮೈಸೂರು ಉಚ್ಚ ನ್ಯಾಯಾಲಯವೂ ಈ ಭೇದಗಳನ್ನು ಮನ್ನಿಸಿ ವಾದಿಗೆ ಪರಿಹಾರವನ್ನು ನಿರಾಕರಿಸಿದವು. ಸರ್ವೋಚ್ಚ ನ್ಯಾಯಾಲಯವು ಆ ವಿಧಾನವನ್ನೇ ಒಪ್ಪಲಿಲ್ಲ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಭೇದಗಳನ್ನೆಣಿಸುವುದು ಸಲ್ಲದು. ಅಳತೆ, ಬಣ್ಣ, ವಿನ್ಯಾಸಗಳು ಕೂಡಿ ಮೂಡಿಸುವ ಒಟ್ಟು ಭಾವನೆಯೇ ಮುಖ್ಯವೆಂದಿತು. ಕೊಳ್ಳುವವನ ಅಪೂರ್ಣ ಸ್ಮೃತಿಯೇ ಒರೆಗಲ್ಲೆಂಬ ಈ ತತ್ತ್ವವನ್ನು ಅದು 1959ರಲ್ಲಿಯೇ ‘ಗ್ಲೂಕೋವಿಟ’ ಮತ್ತು ‘ಗ್ಲುವಿಟ’ ಎಂಬ ಹೆಸರುಗಳ ವ್ಯಾಜ್ಯದಲ್ಲಿ ಅಂಗೀಕರಿಸಿತ್ತು.

ಈ ನಿಲುವು ಯುಕ್ತವೆಂದೇ ನಮ್ಮ ಅಭಿಪ್ರಾಯ. ಎರಡು ಪ್ರತಿಗಳನ್ನು ಎದುರಿಟ್ಟು ಪಾಠಾಂತರ ಗುರುತಿಸುವುದು ವಿದ್ವಾಂಸನ ಕೆಲಸ. ಅಂಗಡಿಯ ಮುಂದೆ ನಿಂತವನಿಗೆ ಇರುವುದು ಒಂದೇ ಪೊಟ್ಟಣ ಮತ್ತು ಹಿಂದಿನ ನೆನಪು. ಆದರೆ ತೀರ್ಪಿನ ಮೇರೆಯನ್ನು ನಾವು ಮರೆಯಲಾಗದು. ಹಸು, ಕೋಳಿ, ಹುಡುಗಿಯರ ಹಳ್ಳಿಯ ನೋಟ ಯಾರೊಬ್ಬರ ಸ್ವತ್ತೂ ಅಲ್ಲ. ರಕ್ಷಣೆ ದೊರೆತುದು ಆ ನೋಟಕ್ಕಲ್ಲ, ಅಳತೆ ಬಣ್ಣಗಳೊಡನೆ ಅದು ತಳೆದ ವಿಶಿಷ್ಟ ರೂಪಕ್ಕೆ. ಈ ವಿವೇಚನೆಯಿಲ್ಲದೆ ‘ಒಟ್ಟು ಸಾಮ್ಯ’ವೆಂಬ ಮಾತನ್ನು ಹಿಗ್ಗಿಸಿದರೆ, ಮೊದಲು ಪೇಟೆಗೆ ಬಂದ ದೊಡ್ಡ ಸಂಸ್ಥೆಯು ಸರ್ವಸಾಮಾನ್ಯವಾದ ಚಿತ್ರವನ್ನೂ ತನ್ನದೆಂದೀತು, ತರುವಾಯ ಬಂದ ಸಣ್ಣ ತಯಾರಕನಿಗೆ ಬರೆಯಲು ಚಿತ್ರವೇ ಉಳಿಯದು. ತೀರ್ಪನ್ನು ಉದಾಹರಿಸುವವರು ಇದನ್ನು ಗಮನದಲ್ಲಿಡುವುದು ಅಗತ್ಯ.