ಭಾಷೆ ಕೊಡದ ಸಂಕಮ್ಮ, ಆಣೆಯಿಟ್ಟ ರಾಣಿ

ಬೇಗೂರಿನ ಕಡೆಯವರಿಗೆ ಕಥೆಯ ರುಚಿ ಹತ್ತಿಸಲು ಪುಸ್ತಕದಿಂದಲೇ ಶುರುಮಾಡಬೇಕಿಲ್ಲ. ಕಂಸಾಳೆಯ ಸದ್ದು ಕೇಳುತ್ತ ಬೆಳೆದ ಸೀಮೆ ಇದು. ಚಾಮರಾಜನಗರ, ಕೊಳ್ಳೇಗಾಲ, ಹನೂರು ದಾಟಿದರೆ ಮಾದಪ್ಪನ ಬೆಟ್ಟ. ಹೊಸ ಸಾಹಿತ್ಯದ ಧರ್ಮಸಂಕಟಗಳು ಮನಸ್ಸಿಗೆ ಇಳಿಯಬೇಕೆಂದರೆ ಮೊದಲು ಮಲೆ ಮಾದೇಶ್ವರ ಕಾವ್ಯದ ಸಂಕಮ್ಮನ ಸಾಲನ್ನು, ಅಂದರೆ ಅವಳ ಕಥೆಯ ಭಾಗವನ್ನು, ಕೇಳಿ. ಆಮೇಲೆ ಗಿರೀಶ ಕಾರ್ನಾಡರ ನಾಟಕ ‘ನಾಗಮಂಡಲ’ (1988) ಓದಿ.

ಸಂಕಮ್ಮನ ಗಂಡ ನೀಲೇಗೌಡ ಜೇನಿಗೆಂದು ಕಾಡಿಗೆ ಹೊರಟಿದ್ದಾನೆ. ತಾನಿಲ್ಲದಾಗ ಹೆಂಡತಿ ಕೆಡಬಾರದು, ಅದಕ್ಕೆ ಬಲಗೈ ಭಾಷೆ ಕೊಡು ಎನ್ನುತ್ತಾನೆ. ಸಂಕಮ್ಮ ಕೊಡುವುದಿಲ್ಲ. ಹಿಂಸೆ ಕೊಟ್ಟರೂ ಕೊಡುವುದಿಲ್ಲ. ಅವಳನ್ನು ಗುಡಿಸಲಿನಲ್ಲಿ ಕೂಡಿಹಾಕುತ್ತಾನೆ. ಇಲ್ಲಿ ಕಥೆಯನ್ನು ಮುಂದಕ್ಕೆ ಓಡಿಸಬೇಡಿ, ಸ್ವಲ್ಪ ನಿಲ್ಲಿ. ಅವಳಲ್ಲಿ ತಪ್ಪಿಲ್ಲ, ಒಂದು ಮಾತು ಆಡಿದ್ದರೆ ನೋವು ತಪ್ಪುತ್ತಿತ್ತು. ಆದರೂ ಯಾಕೆ ಆಡಲಿಲ್ಲ? ನನಗೆ ಕಾಣುವುದು ಇಷ್ಟು: ಆ ಭಾಷೆ ಕೊಟ್ಟರೆ ಗಂಡನ ಅನುಮಾನವನ್ನು ಒಪ್ಪಿಕೊಂಡಂತೆ. ನಿಮಗೆ ಬೇರೆ ಕಾಣಬಹುದು, ಕಾಣಲಿ.

ಕಾರ್ನಾಡರ ರಾಣಿಯನ್ನೂ ಗಂಡ ಅಪ್ಪಣ್ಣ ಮನೆಯೊಳಗಿಟ್ಟು ಬೀಗ ಜಡಿದು ಸೂಳೆಯ ಮನೆಗೆ ಹೋಗುತ್ತಾನೆ. ರಾತ್ರಿ ಅವನದೇ ರೂಪದಲ್ಲಿ ನಾಗ ಬರುತ್ತದೆ. ರಾಣಿ ಬಸುರಿಯಾದಾಗ ಊರ ಪಂಚಾಯಿತಿ ಕೂಡುತ್ತದೆ. ಅವಳು ಹುತ್ತಕ್ಕೆ ಕೈಹಾಕಿ ಹಾವು ಹಿಡಿದು, ಗಂಡನನ್ನೂ ಈ ಹಾವನ್ನೂ ಬಿಟ್ಟು ಬೇರೆ ಗಂಡಸನ್ನು ಮುಟ್ಟಿಲ್ಲವೆಂದು ಆಣೆಯಿಡುತ್ತಾಳೆ. ಆಡಿದ ಮಾತು ಅಕ್ಷರಶಃ ನಿಜ. ಅದು ಎಂಥ ನಿಜ ಎಂಬುದು ಅವಳಿಗೇ ಗೊತ್ತಿಲ್ಲ. ಊರು ಮಾತ್ರ ಅವಳನ್ನು ದೇವಿಯೆಂದು ಪೂಜಿಸುತ್ತದೆ.

ಕಾರ್ನಾಡರು ಸಂಕಮ್ಮನಿಂದ ಕಡ ತಂದರು ಎಂದು ನಾನು ಹೇಳುತ್ತಿಲ್ಲ. ಎ.ಕೆ. ರಾಮಾನುಜನ್ ಹೇಳಿದ ಜನಪದ ಕಥೆಗಳಿಂದ ಆ ನಾಟಕ ಹುಟ್ಟಿದ್ದು. ಯಾವುದು ಯಾವುದರ ಮೂಲ ಎಂದು ಹುಡುಕುತ್ತ ಕೂತರೆ ರಸ ಆರಿಹೋಗುತ್ತದೆ. ಎರಡು ಕಥೆಗಳೂ ಎಲ್ಲಿ ಕವಲೊಡೆಯುತ್ತವೆ ನೋಡಿ. ಮೌನದಿಂದ ಒಬ್ಬಳು ನೋವು ಉಂಡಳು, ಮಾತಿನಿಂದ ಇನ್ನೊಬ್ಬಳು ಗೆದ್ದಳು. ಇಬ್ಬರ ಗಂಡಂದಿರನ್ನೂ ಯಾರೂ ಆಣೆ ಕೇಳಲಿಲ್ಲ. ‘ನಾಗಮಂಡಲ’ದಲ್ಲಂತೂ ಅಪ್ಪಣ್ಣನ ನಡತೆ ಊರಿಗೆಲ್ಲ ಗೊತ್ತಿದ್ದದ್ದೇ. ಈ ಅನ್ಯಾಯ ಕಣ್ಣಿಗೆ ಬಿದ್ದ ಮೇಲೆ ಎರಡು ಕಥೆಗಳನ್ನೂ ಮೊದಲಿನಂತೆ ಓದಲು ಆಗುವುದಿಲ್ಲ.

ಹೀಗೆ ಓದುವುದು ಕೈಹತ್ತಿದರೆ ದೇವನೂರ ಮಹಾದೇವರ ಕಾದಂಬರಿ ‘ಕುಸುಮಬಾಲೆ’ಗೆ (1984) ಹೋಗಿ. ದೇವನೂರು ಪಕ್ಕದ ನಂಜನಗೂಡು ತಾಲ್ಲೂಕಿನದೇ. ಅಲ್ಲಿ ಮಂಚ ಮಾತಾಡುತ್ತದೆ, ದೀಪದ ಜೋತಮ್ಮಂದಿರು ಊರ ಸುದ್ದಿ ಹಂಚಿಕೊಳ್ಳುತ್ತಾರೆ. ಭಾಷೆ ತೊಡಕೆನಿಸಿದರೆ ಗಟ್ಟಿಯಾಗಿ ಓದಿ. ನಿಮ್ಮ ಸೀಮೆಯ ಮಾತೇ ಅದು.

ಬೆಟ್ಟಕ್ಕೆ ಹೋದಾಗ ಕಂಸಾಳೆಯವರು ಸಿಕ್ಕರೆ ಸಂಕಮ್ಮನ ಸಾಲು ಹಾಡಿಸಿ. ಒಂದೆರಡು ಪದ ಕೇಳಿ ಎದ್ದುಬರಬೇಡಿ, ಪೂರ್ತಿ ಕೇಳಿ.